ಪಶ್ಚಿಮದ ಎಳೆಬಿಸಿಲು

ಮಾನೇಸರ್‌ಗೆ ಹೊರಡಬೇಕಾದ ಕಾರು ದೆಹಲಿಯ ಕರೋಲ್ ಬಾಗ್‌ನ ಆಫೀಸಿನ ಕೆಳಗೆ ಬಂದು ನಿಂತಾಗ, ಧಾರಿಣಿ ಇನ್ನೂ ಕಂಪ್ಯೂಟರಿನ ಮುಂದೆಯೇ ಇದ್ದಳು. ಪರದೆಯ ಮೇಲಿದ್ದ ಚಿತ್ರ ಅವಳದೇ. ಮಾನೇಸರ್‌ನ ಮೋಟಾರು ಬಿಡಿಭಾಗಗಳ ಕಾರ್ಖಾನೆಯೊಂದು ತನ್ನಲ್ಲಿ ಕೆಲಸ ಮಾಡುವ ಹೆಂಗಸರ ಕೂಸುಗಳಿಗಾಗಿ ಕಟ್ಟಿಸಲಿದ್ದ ಶಿಶುವಿಹಾರ. ಅದರ ಚಾವಣಿಯನ್ನು ಅವಳು ಸ್ಕೇಲು ಹಿಡಿದು ಎಳೆದಿರಲಿಲ್ಲ. ಆಗಷ್ಟೇ ಆಫೀಸಿಗೆ ಬಂದಿದ್ದ ಹೊಸ ಸಾಫ್ಟ್‌ವೇರಿನಲ್ಲಿ, ಎಲೆಕ್ಟ್ರಾನಿಕ್ ಪೆನ್ನಿನಿಂದ ಒತ್ತಿ, ಎಳೆದು, ಜೇಡಿಮಣ್ಣನ್ನು ತಿದ್ದುವ ಹಾಗೆ ತಿದ್ದಿ ಮಾಡಿದ್ದಳು. ಬೆಳಕು, ನೆರಳು, ಬಣ್ಣ ತುಂಬಿ ರೆಂಡರ್ ಆಗಿ ಬಂದ ಚಿತ್ರ ಫೋಟೋದಂತೆಯೇ ಇತ್ತು. ದೊಡ್ಡ ಗಾಜಿನ ಗೋಡೆ, ಸಾಲು ತೊಟ್ಟಿಲು, ಅವುಗಳ ಮೇಲೆ ಬೆಳಗಿನ ಎಳೆಬಿಸಿಲು.

ಆ ಗಾಜು ಪಶ್ಚಿಮಕ್ಕಿದೆ ಎಂಬುದು ಅವಳಿಗೆ ಹೊಳೆದದ್ದು ಈಗ. ಬೆಳಕು ಚೆನ್ನಾಗಿ ಕಾಣಲೆಂದು ದೀಪವಿಟ್ಟ ಹಾಗೆ ಚಿತ್ರದೊಳಗಿನ ಸೂರ್ಯನನ್ನು ಬೇಕಾದಲ್ಲಿ ಇಟ್ಟಿದ್ದಳು. ಅನುಮಾನ ತಡೆಯಲಾರದೆ ಮಾನೇಸರ್‌ನ ಜಾಗ, ಜೂನ್ ತಿಂಗಳು, ಮಧ್ಯಾಹ್ನದ ಹೊತ್ತು ಸಾಫ್ಟ್‌ವೇರಿಗೆ ತುಂಬಿಸಿ ನೋಡಿದಳು. ಮಲಗುವ ಕೋಣೆಯ ನೆಲವೆಲ್ಲ ಬೆಳ್ಳಗೆ ಉರಿಯತೊಡಗಿತು. ಹೊತ್ತನ್ನು ಸಂಜೆಯವರೆಗೆ ಸರಿಸಿದರೂ ಬಿಸಿಲು ತೊಟ್ಟಿಲುಗಳನ್ನು ಬಿಟ್ಟು ಕದಲಲಿಲ್ಲ.

"ಸರ್, ಈ ಚಿತ್ರ ತೋರಿಸೋದು ಬೇಡ," ಎಂದಳು, ಫೈಲು ಹಿಡಿದು ಬಂದ ಇಂದುಶೇಖರರಿಗೆ. ಮೈಸೂರಿನಿಂದ ಬಂದು ದೆಹಲಿಯಲ್ಲೇ ನೆಲೆಸಿದ ಹಿರಿಯ ಆರ್ಕಿಟೆಕ್ಟ್, ಆಫೀಸು ಅವರದು. ಅವಳು ತೋರಿಸಿದ್ದನ್ನು ನಿಂತೇ ನೋಡಿದರು.

"ಇದು ಮೊದಲ ಮೀಟಿಂಗ್ ಅಷ್ಟೇ. ಆಮೇಲೆ ಸರಿ ಮಾಡೋಣ."

"ಇವತ್ತು ಒಪ್ಪಿದ್ದನ್ನೇ ಕಟ್ಟೋದು, ಬದಲಾವಣೆ ಬೇಡ ಅಂತ ಕಾರ್ಖಾನೆಯ ಖುರಾನಾ ಹೇಳಿದ್ದಾರಲ್ಲ ಸರ್."

"ಚಲೋ, ಹೊರಡೋಣ, ಲೇಟಾಯ್ತು." ಅವರು ಮೆಟ್ಟಿಲಿಳಿದರು.

ಧಾರಿಣಿ ಕಟ್ಟಡದ ಮಾಡೆಲನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಹಿಂದೆಯೇ ಓಡಿದಳು. ಧೌಲಾ ಕುವಾ ದಾಟುವಷ್ಟರಲ್ಲಿ ಲ್ಯಾಪ್‌ಟಾಪು ತೊಡೆ ಸುಡುವಷ್ಟು ಕಾದಿತ್ತು. ಕಾರು ಕುಲುಕಿದಾಗಲೆಲ್ಲ ಪೆನ್ನು ಜಾರಿ ಚಾವಣಿ ಸೊಟ್ಟಗಾಗುತ್ತಿತ್ತು. ಅಳಿಸಿ ಮತ್ತೆ ಎಳೆದಳು. ಪಶ್ಚಿಮದ ಅಂಚನ್ನು, ಹೆಂಗಸರು ಬಿಸಿಲಿಗೆ ಹಣೆಯ ಮೇಲೆ ಸೆರಗು ಎಳೆದುಕೊಳ್ಳುವ ಹಾಗೆ, ಕೆಳಕ್ಕೆ ಇಳಿಸಿದಳು. ಗಾಜಿನ ಜಾಗದಲ್ಲಿ ಗೋಡೆ ಎಬ್ಬಿಸಿ ಸಣ್ಣ ಕಿಂಡಿಗಳನ್ನು ಬಿಟ್ಟಳು. ಗುಡಗಾಂವ್ ಟೋಲಿನ ಸಾಲಿನಲ್ಲಿ ಕಾರು ನಿಂತಾಗ ಹೊಸ ಮಾಡೆಲನ್ನು ಬೇರೆಯಾಗಿ ಉಳಿಸಿ ರೆಂಡರಿಗೆ ಕೊಟ್ಟಳು. ಚಿತ್ರ ಮೇಲಿನಿಂದ ಚೌಕ ಚೌಕವಾಗಿ ಮೂಡತೊಡಗಿತು. ಚಾವಣಿ ಬಂತು, ಗೋಡೆ ಅರ್ಧ ಬಂತು. ಅಷ್ಟರಲ್ಲಿ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು.

ಮುಂದಿನ ಸೀಟಿನಿಂದ ಇಂದುಶೇಖರ ತಿರುಗಿ ನೋಡಲಿಲ್ಲ. "ಹಳೇ ಚಿತ್ರ ಪೆನ್ ಡ್ರೈವ್‌ನಲ್ಲಿದೆ. ಅದನ್ನೇ ಹಾಕು," ಎಂದರು.

ಕಾರ್ಖಾನೆಯ ಮೀಟಿಂಗ್ ಕೋಣೆಯಲ್ಲಿ ಏಸಿ ಹಲ್ಲು ಕಟಕಟಿಸುವಷ್ಟು ತಣ್ಣಗಿತ್ತು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಹಳೇ ಚಿತ್ರದ ಎಳೆಬಿಸಿಲು ಬಿದ್ದದ್ದೇ ತಡ, ಕಾರ್ಖಾನೆಯ ಮುಖ್ಯಸ್ಥ ಖುರಾನಾ ಕುರ್ಚಿಗೊರಗಿದರು. "ಅಚ್ಛಾ. ಇದೇ. ಇದರಲ್ಲಿ ಒಂದು ಗೆರೆಯೂ ಬದಲಾಗಬಾರದು," ಎಂದರು ಹಿಂದಿಯಲ್ಲಿ.

ಧಾರಿಣಿ ಇಂದುಶೇಖರರತ್ತ ನೋಡಿದಳು. ಅವರ ಅಂಗೈ ಮೇಜಿನ ಮೇಲೆ ಮೆಲ್ಲಗೆ ಒತ್ತಿತು. ಸುಮ್ಮನಿರು ಎಂದು ಅದರರ್ಥ. ಈ ಕೆಲಸ ಹೋದರೆ ಪೀತಮ್‌ಪುರಾದ ಮನೆಯಲ್ಲಿ ಅಪ್ಪನಿಗೆ ಏನು ಹೇಳುವುದು ಎಂದು ಒಮ್ಮೆ ಅವಳ ಮನಸ್ಸಿಗೆ ಬಂತು.

"ಸರ್, ಒಂದು ನಿಮಿಷ," ಎಂದು ಲ್ಯಾಪ್‌ಟಾಪಿನ ವೈರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದಳು. ಬಣ್ಣವಿಲ್ಲದ ಬೂದು ಮಾಡೆಲು ತೆರೆಯಿತು. ಮೊದಲು ಗಾಜಿನ ಗೋಡೆಯದು. ಸೂರ್ಯನನ್ನು ಮಧ್ಯಾಹ್ನದಿಂದ ಸಂಜೆಗೆ ಸರಿಸಿದಳು. ಬಿಳಿ ಚೌಕವೊಂದು ನೆಲದ ಮೇಲೆ ತೆವಳುತ್ತ ಬಂದು ತೊಟ್ಟಿಲುಗಳನ್ನೆಲ್ಲ ಹತ್ತಿ ಕೂತಿತು.

"ಜೂನ್‌ನಲ್ಲಿ ಕೂಸುಗಳು ಮಲಗುವ ಹೊತ್ತಿಗೆ ಹೀಗಿರುತ್ತೆ. ಮೊದಲಿನ ಚಿತ್ರದಲ್ಲಿರೋ ಬೆಳಕು ಆ ಕಡೆಯಿಂದ ಬರೋದೇ ಇಲ್ಲ. ಚೆಂದಕ್ಕೆ ನಾನು ಇಟ್ಟಿದ್ದು."

ಖುರಾನಾ ಅವಳನ್ನು ಬಿಟ್ಟು ಇಂದುಶೇಖರರತ್ತ ತಿರುಗಿದರು. "ನಿಮಗೆ ಇದು ಗೊತ್ತಿತ್ತೇ?"

ಇಲ್ಲ ಎಂದರೆ ಎಲ್ಲವೂ ಅವಳ ತಲೆಗೇ ಬರುತ್ತಿತ್ತು. ಇಂದುಶೇಖರ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ಗೊತ್ತಿತ್ತು. ಬೆಳಿಗ್ಗೆ ಇವಳೇ ಹೇಳಿದಳು. ನಾನೇ ಬೇಡ ಅಂದೆ."

ಧಾರಿಣಿ ಹೊಸ ಮಾಡೆಲು ತೆರೆದು ಅದೇ ಸೂರ್ಯನನ್ನು ಸರಿಸಿದಳು. ಬಿಸಿಲು ಇಳಿಚಾವಣಿಯ ಹೊರಗೇ ನಿಂತಿತು. ಖುರಾನಾ ಎರಡು ಸಲ ಸರಿಸಲು ಹೇಳಿ ನೋಡಿದರು. ಮುಖ ಸಡಿಲಾಗಲಿಲ್ಲ.

"ಗಾಜು ಇದ್ದರೆ ಬಂದವರಿಗೆ ಕಾಣುತ್ತೆ. ಇದು ಮಂಕು," ಎಂದರು. ಕೊನೆಗೆ, "ಮುಂದಿನ ವಾರ ಪೂರ್ತಿ ಚಿತ್ರ ತನ್ನಿ. ಆದರೆ ಇನ್ನೊಬ್ಬ ಆರ್ಕಿಟೆಕ್ಟರನ್ನೂ ಕರೆಸಿ ನೋಡ್ತೀನಿ. ಮೊದಲ ದಿನವೇ ಹೀಗಾದರೆ ನಂಬೋದು ಹೇಗೆ?" ಎಂದು ಎದ್ದರು.

ಹಿಂತಿರುಗುವಾಗ ಕಾರು ಮತ್ತೆ ಟೋಲಿನ ಸಾಲಿನಲ್ಲಿ ನಿಂತಿತು.

"ನನ್ನ ಕೈ ನೋಡಿದೆ ಅಲ್ವಾ?" ಎಂದರು ಇಂದುಶೇಖರ.

"ನೋಡಿದೆ ಸರ್."

"ನೋಡಿಯೂ ಮಾತಾಡಿದೆ."

"ಹೌದು ಸರ್."

ಅವರು ಬೈಯಲಿಲ್ಲ, ಮೆಚ್ಚಲೂ ಇಲ್ಲ. ಮರುದಿನ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಉತ್ತರದ ಗೋಡೆಯಲ್ಲಿ ಗಾಜು ಇಡಬಹುದೇನೋ ನೋಡೋಣ ಎಂದರು. ಇನ್ನೊಬ್ಬರ ಚಿತ್ರವೂ ಬಂದು, ಎರಡು ವಾರ ಎಳೆದಾಡಿ, ಕೆಲಸ ಕೊನೆಗೆ ಇವರಿಗೇ ಸಿಕ್ಕಿತು. ಮರುವರ್ಷ ಜೂನಿನ ಒಂದು ಮಧ್ಯಾಹ್ನ ಧಾರಿಣಿ ಕಟ್ಟಿ ಮುಗಿದ ಶಿಶುವಿಹಾರಕ್ಕೆ ಹೋದಾಗ, ಪಶ್ಚಿಮದ ಗೋಡೆಯ ಪಕ್ಕದ ತೊಟ್ಟಿಲಲ್ಲಿ ಒಂದು ಕೂಸು ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿತ್ತು.