ಪಟ್ಟೆ ಕೂಡಿಸಿದ ಕೈ

ಶನಿವಾರ ಬೆಳಿಗ್ಗೆ ಮಾಸ್ಟ್ರಮ್ಮ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ತಾನೇ ಕತ್ತರಿಸಿದ ಕೋಟೊಂದರ ಕರುಳು ಬಗೆಯುತ್ತಿದ್ದಳು. ಕಾಲರಿನ ಒಳಪದರ ಬಿಚ್ಚಿದಳು. ತೋಳಿನ ಮಡಿಕೆ ಬಿಚ್ಚಿದಳು. ಬ್ರ್ಯಾಂಡಿನ ಹೆಸರಿದ್ದ ಲೇಬಲ್ಲನ್ನು ಬ್ಲೇಡಿನಿಂದ ಸೀಳಿ ಕಿಟಕಿಯ ಬೆಳಕಿಗೆ ಹಿಡಿದಳು. ಜಿಪ್ಪಿನ ಹಲ್ಲುಗಳನ್ನು ಉಗುರಿನಿಂದ ಒಂದೊಂದಾಗಿ ತಡವಿದಳು. ಒಂದು ಎಳೆ ತಂತಿ, ಸಾಸಿವೆ ಕಾಳಿನಷ್ಟು ಒಂದು ಚಿಪ್, ಏನಾದರೊಂದು ಸಿಕ್ಕಿದ್ದರೆ ಅವಳಿಗೆ ಹೋದ ಜೀವ ಬಂದಂತಾಗುತ್ತಿತ್ತು. ಸಿಗಲಿಲ್ಲ.

ಮಗಳು ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಸಿಕ್ತಾ?"

"ಬೆನ್ನಿನ ಲೈನಿಂಗ್ ಇನ್ನೂ ಬಾಕಿ ಇದೆ, ತಡಿ."

"ಮೊನ್ನೆಯಿಂದ ಇದು ಮೂರನೇ ಕೋಟು. ಏನೂ ಇಲ್ಲಮ್ಮ ಅದರಲ್ಲಿ. ಇವತ್ತು ನಾಲ್ಕು ಗಂಟೆಗೆ ಹೋಗಿ ನಾನು ಏನ್ ಹೇಳ್ಲಿ? ನಮ್ಮಮ್ಮ ಹುಡುಕಿದಳು, ದಾರ ಸಿಕ್ತು ಅಂತಾನಾ?"

ಮಾಸ್ಟ್ರಮ್ಮ ತಲೆ ಎತ್ತಲಿಲ್ಲ. ಎತ್ತಿದರೆ ಮಗಳ ಕಣ್ಣಲ್ಲಿ ಇನ್ನೊಂದು ಪ್ರಶ್ನೆ ಕಾಣುತ್ತದೆಂದು ಗೊತ್ತಿತ್ತು. ನಾಲ್ಕು ದಿನದಿಂದ ಅದು ಅಲ್ಲೇ ಕೂತಿತ್ತು: ನೀನೇನಾದರೂ ಬಾಯಿ ಬಿಟ್ಟೆಯಾ?

ಮಗಳು ಊರಾಚೆಯ ದೊಡ್ಡ ಗೋದಾಮಿನಲ್ಲಿ ಪಾರ್ಸೆಲ್ ಕಟ್ಟುವವಳು. ಅಲ್ಲಿ ಬಚ್ಚಲಿಗೆ ಹೋದ ನಿಮಿಷಗಳನ್ನೂ ಗಡಿಯಾರ ಬರೆದಿಟ್ಟುಕೊಳ್ಳುತ್ತದೆ. ಅಲ್ಲಿ ಬೆನ್ನು ಮುರಿದುಕೊಂಡ ಹುಡುಗ ಹುಡುಗಿಯರೇ ಕಟ್ಟಿಕೊಂಡ ಒಂದು ಬಳಗಕ್ಕೆ 'ನಾಳೆಯವರು' ಎಂದು ಹೆಸರು. ಮೇಲ್ಸೇತುವೆಯ ಕೆಳಗೆ ಸೇರುತ್ತಾರೆ. ನೂರು ವರ್ಷದಾಚೆಯ ಜನ ಉಡಬಹುದಾದದ್ದನ್ನು ಈಗಲೇ ಉಡುತ್ತಾರೆ: ಮುರಿದ ಛತ್ರಿಯ ಕರಿ ಬಟ್ಟೆಯ ಕೋಟು, ಸೈಕಲ್ ಟ್ಯೂಬಿನ ಬೆಲ್ಟು, ಮೂಗಿನವರೆಗೆ ಏರುವ ಕಾಲರು, ಹುಬ್ಬಿನವರೆಗೆ ಇಳಿಯುವ ಟೊಪ್ಪಿಗೆ. ಅದರ ಮೇಲೆಲ್ಲ ರಸ್ತೆ ಕೆಲಸದವರ ಜಾಕೆಟಿನಿಂದ ಕಿತ್ತ ಹೊಳೆಯುವ ಪಟ್ಟೆ. ನೋಡಿದವರು ಇದೆಂಥ ವೇಷ ಎಂದು ನಗುತ್ತಿದ್ದರು. ವೇಷವೇ ಹೌದು, ಆದರೆ ಹೊಟ್ಟೆಪಾಡಿನ ವೇಷ. ಕೆಲಸದ ಹೊತ್ತು ಇಳಿಸಿ ಎಂದು ಗೋದಾಮಿನ ಗೇಟಿನ ಮುಂದೆ ನಿಂತವರ ಮುಖವನ್ನು ಕಂಬದ ಕ್ಯಾಮೆರಾ ಹಿಡಿಯುತ್ತಿತ್ತು. ಗುರುತು ಸಿಕ್ಕವರಿಗೆ ಮರುದಿನ ಗೇಟು ತೆರೆಯುತ್ತಿರಲಿಲ್ಲ. ಕೋಟು ತೊಟ್ಟು ನಿಂತವರಲ್ಲಿ ಒಂದಿಡೀ ವರ್ಷ ಒಬ್ಬರ ಗುರುತೂ ಸಿಕ್ಕಿರಲಿಲ್ಲ.

ಹೋದ ವಾರ ಒಟ್ಟಿಗೇ ನಾಲ್ಕು ಹುಡುಗಿಯರ ಕೆಲಸ ಹೋಯಿತು. ನಾಲ್ವರೂ ಮಗಳು ತಂದುಕೊಟ್ಟ ಹೊಸ ಕೋಟು ತೊಟ್ಟು ಗೇಟಿನ ಮುಂದೆ ನಿಂತವರು. ಅವತ್ತು ಮಗಳು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಆ ಜ್ವರವೇ ಈಗ ಅವಳ ಕುತ್ತಿಗೆಗೆ ಬಂದಿತ್ತು. ಹೆಸರು ಕೊಟ್ಟವಳು ಅವಳೇ ಎಂದು ಬಳಗದಲ್ಲಿ ಪಿಸುಮಾತು. ಅವಳನ್ನು ಹೊರಗಿಡುವುದೋ ಬೇಡವೋ ಎಂಬುದು ಇವತ್ತು ಸೇತುವೆಯ ಕೆಳಗೆ ತೀರ್ಮಾನವಾಗುವುದಿತ್ತು.

ಹೊಸ ಕೋಟುಗಳು ಬಂದದ್ದು ಮಾಸ್ಟ್ರಮ್ಮನ ಮೇಜಿನಿಂದ. ಅವಳು ಕಟಿಂಗ್ ಮಾಸ್ಟರ್; ಇಪ್ಪತ್ತಾರು ವರ್ಷ ಬೇರೆಯವರ ಹೆಸರಿನ ಬಟ್ಟೆಗೆ ಕತ್ತರಿ ಹಾಕಿದವಳು. ಈಗ ಅವಳಿದ್ದ ಜಾಗದ ಧಣಿ ಮೂವತ್ತೈದರ ಒಬ್ಬ ನುಣುಪು ಮನುಷ್ಯ. ಏನು ಮಾತಾಡಿದರೂ ಟೀಶರ್ಟಿನ ಮೇಲೆ ಅಚ್ಚು ಹಾಕಿಸುವ ಹಾಗೆ ಮಾತಾಡುವುದರಿಂದ ಕೆಲಸದವರು ಅವನಿಗೆ ಇಟ್ಟ ಹೆಸರು ಘೋಷಣೆ. ನಾಳೆಯವರನ್ನು ಎಲ್ಲೋ ಫೋಟೋದಲ್ಲಿ ನೋಡಿದ ಘೋಷಣೆ, ಆ ಉಡುಪಿನದೇ ಒಂದು ಬ್ರ್ಯಾಂಡ್ ಕಟ್ಟುತ್ತೇನೆಂದು ಹೊರಟಿದ್ದ. ಮಾಸ್ಟ್ರಮ್ಮನ ಮಗಳು ಆ ಬಳಗದವಳೆಂದು ತಿಳಿದ ದಿನ ಅವಳಿಗೆ ಕುರ್ಚಿ ಎಳೆದು ಕೂರಿಸಿದ. ಕುರ್ಚಿ ಎಳೆದ ಧಣಿಯನ್ನು ಅವಳು ಅದಕ್ಕೆ ಮೊದಲು ಕಂಡಿರಲಿಲ್ಲ. ಮಗಳ ಹಳೇ ಕೋಟು ತಂದುಕೊಟ್ಟಳು. ಅದನ್ನಿಟ್ಟುಕೊಂಡು ಹೊಸದು ಹುಟ್ಟಿತು. ಮೊದಲ ಐದು ಕೋಟುಗಳನ್ನು ಘೋಷಣೆಯೇ ಅವಳ ಕೈಗಿಟ್ಟು, "ನಿಜವಾದ ನಾಳೆಯವರೇ ಮೊದಲು ತೊಡಲಿ" ಎಂದಿದ್ದ.

ಈಗ ಆ ಮಾತು ಅವಳ ಕಿವಿಯಲ್ಲಿ ಹುಳದ ಹಾಗೆ ಹೊರಳುತ್ತಿತ್ತು. ಯಾಕೆ ಕೊಟ್ಟ? ಗೋದಾಮಿನವರಿಗೂ ಇವನಿಗೂ ಏನು ನಂಟು? ಕೋಟು ತೊಟ್ಟವರ ಫೋಟೋ ತೆಗೆಯುವ ನೆಪದಲ್ಲಿ ಹುಡುಗಿಯರ ಹೆಸರು ಬರೆದುಕೊಂಡನೇ? ಬೆನ್ನಿನ ಲೈನಿಂಗೂ ಬಿಚ್ಚಿದಳು. ಬರೀ ಬಟ್ಟೆ.

"ಎಲ್ಲಿಗೆ?" ಎಂದಳು ಮಗಳು, ಅವಳು ಎದ್ದು ಚೀಲ ತಗೊಂಡಾಗ.

"ಕೆಲಸಕ್ಕೆ."

"ಇನ್ನೂ ಅಲ್ಲಿಗೇ ಹೋಗ್ತೀಯಲ್ಲ, ನಿಂಗೇನೂ ಅನ್ಸಲ್ವಾ?"

"ಕಳ್ಳನ ಮನೆ ಒಳಗಿದ್ರೆ ತಾನೇ ಕದ್ದಿದ್ದು ಕಾಣೋದು?"

ಮಗಳು ನಗಲಿಲ್ಲ.

ಕೆಲಸದ ಜಾಗಕ್ಕೆ ಕೀಲಿಯಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ ಅಂಗೈಯಷ್ಟು ಗಾಜು. ಅದರ ಮುಂದೆ ಮುಖ ಇಟ್ಟರೆ ಟುಂಯ್ ಎಂದು ಹಾಜರಿ ಬರೆದುಕೊಂಡು ಬಾಗಿಲು ಬಿಡುತ್ತದೆ. ಮಾಸ್ಟ್ರಮ್ಮ ಮುಖ ಒಪ್ಪಿಸಿ ಒಳಗೆ ಬಂದು ಮೇಜಿನ ಮೇಲೆ ಬಟ್ಟೆ ಹಾಸತೊಡಗಿದಳು. ಕೈ ಬಟ್ಟೆಯ ಮೇಲೆ, ಕಣ್ಣು ಮಾತ್ರ ಬಾಗಿಲ ಮೇಲೆ. ಯಾರು ಬರುತ್ತಾರೆ, ಯಾರ ಜೊತೆ ಮಾತಾಡುತ್ತಾರೆ, ಯಾರ ಫೋನು ಬಂದಾಗ ಘೋಷಣೆ ಕೋಣೆಯ ಕದ ಮುಚ್ಚಿಕೊಳ್ಳುತ್ತಾನೆ.

"ಏನೇ, ಮದುವೆ ಗಂಡು ಬರೋ ಹಾಗೆ ಬಾಗ್ಲೇ ನೋಡ್ತಿದ್ದೀಯ?" ಎಂದಳು ಇಸ್ತ್ರಿ ಮಾಡುವ ಅಕ್ಕ.

"ಸುಮ್ನೆ ಇಸ್ತ್ರಿ ತಿಕ್ಕಕ್ಕ."

ಹನ್ನೊಂದಕ್ಕೆ ಘೋಷಣೆ ಬಂದ. ಎಂದಿನಂತೆ ತನ್ನದೇ ಬ್ರ್ಯಾಂಡಿನ ಕೋಟು, ಕಾಲರು ಮೂಗಿನ ಮೇಲೆ, ಟೊಪ್ಪಿಗೆ ಹುಬ್ಬಿನ ಮೇಲೆ. ಮುಖವೆಂದು ಕಂಡದ್ದು ಎರಡು ಕಣ್ಣು ಮಾತ್ರ. ಗಾಜಿನ ಮುಂದೆ ನಿಂತ. ಟುಂಯ್.

"ಧಣಿ ವಾಸನೆ ಅದಕ್ಕೆ ದೂರದಿಂದಲೇ ಬಡಿಯುತ್ತೆ" ಎಂದು ಅಕ್ಕ ಮೆಲ್ಲಗೆ ನಕ್ಕಳು.

ಮಾಸ್ಟ್ರಮ್ಮ ಹಾಸುತ್ತಿದ್ದ ಬಟ್ಟೆ ಕೆಳಗಿಟ್ಟಳು. ಮುಚ್ಚಿದ ಮುಖವನ್ನೂ ಗಾಜು ಗುರುತು ಹಿಡಿದಿತ್ತು. ತಿಂಗಳಿನಿಂದ ದಿನಾ ಕಂಡದ್ದೇ ಇದು. ಕಂಡಿದ್ದಳು, ನೋಡಿರಲಿಲ್ಲ.

ಊಟದ ಹೊತ್ತಿಗೆ ಎಲ್ಲರೂ ಹಿಂದಿನ ಕೋಣೆಗೆ ಹೋದರು. ಮಗಳ ಹಳೇ ಕೋಟು, ಪ್ಯಾಟರ್ನ್ ಕಾಗದಗಳ ಪಕ್ಕ ಗೂಟಕ್ಕೆ ನೇತಾಡುತ್ತಿತ್ತು. ಅದನ್ನು ತೊಟ್ಟು, ಟೊಪ್ಪಿಗೆ ಎಳೆದುಕೊಂಡು, ಹೊರಗೆ ಹೋಗಿ ಗಾಜಿನ ಮುಂದೆ ನಿಂತಳು. ಗಾಜು ಸುಮ್ಮನಿತ್ತು. ಹತ್ತಿರ ಹೋದಳು, ದೂರ ಸರಿದಳು, ಕತ್ತು ಓರೆ ಮಾಡಿದಳು. ಕಲ್ಲಿನ ಮುಂದೆ ನಿಂತ ಹಾಗೆ. ಕಾಲರು ಇಳಿಸಿ ಒಳಗೆ ಬಂದು, ಹೊಸ ಕೋಟು ತೊಟ್ಟು ಮತ್ತೆ ಹೋದಳು. ಟುಂಯ್.

ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿದಳು. ಅದೇ ಬಟ್ಟೆ, ಅದೇ ಪಟ್ಟೆ, ಅದೇ ಅಳತೆ. ಆದರೆ ಹಳೆಯದರ ಟೊಪ್ಪಿಗೆಯಲ್ಲಿ ಪಟ್ಟೆಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಎಡಗಡೆಯದು ಹುಬ್ಬಿನ ಮೇಲೆ ಬಂದು ನಿಂತರೆ ಬಲಗಡೆಯದು ಎರಡು ಬೆರಳು ಕೆಳಗೆ ಕೆನ್ನೆಯ ಮೇಲೆ. ಕಾಲರಿನಲ್ಲೂ ಅಷ್ಟೇ, ಒಂದು ಏರು, ಒಂದು ತಗ್ಗು. ಹೊಲಿಯಲು ಬಾರದ ಹುಡುಗಿಯರ ಹೊಲಿಗೆ ಎಂದು ಮೊದಲ ದಿನ ಅವಳು ಮೂಗು ಮುರಿದಿದ್ದಳು.

ಪಟ್ಟೆ ಬಟ್ಟೆ ಕತ್ತರಿಸುವವರ ಮಾನವೆಲ್ಲ ಇರುವುದು ಆ ಹೊಲಿಗೆಯ ಗೆರೆಯಲ್ಲಿ. ಎಡದ ಪಟ್ಟೆ ಹೊಲಿಗೆ ದಾಟಿ ಬಲದ ಪಟ್ಟೆಗೆ ಕೂದಲೆಳೆ ಆಚೀಚೆಯಾಗದೆ ಕೂಡಬೇಕು. ಕೂಡದಿದ್ದರೆ ಅವನೆಂಥ ಮಾಸ್ಟರು ಎಂದು ಹೊಲಿಗೆಯವರೂ ನಗುತ್ತಾರೆ. ಹದಿನೇಳನೆಯ ವಯಸ್ಸಿನಲ್ಲಿ ಪಟ್ಟೆ ತಪ್ಪಿದ್ದಕ್ಕೆ ಅವಳ ಗುರು ಅಳತೆ ಕೋಲಿನಿಂದ ಗಿಣ್ಣಿಗೆ ಹೊಡೆದಿದ್ದ. ಅಂದಿನಿಂದ ಅವಳ ಕೈ ತಪ್ಪಿರಲಿಲ್ಲ. ಹೊಸ ಕೋಟಿನಲ್ಲೂ ತಪ್ಪಿರಲಿಲ್ಲ. ಹುಬ್ಬಿನ ಮೇಲೆ ಎರಡು ಪಟ್ಟೆ ಸರಿಸಮ, ಕೆನ್ನೆಯ ಮೇಲೆ ಎರಡು ಸರಿಸಮ. ನಟ್ಟನಡುವೆ ಮೂಗಿನ ಗೆರೆ. ಮುಖವನ್ನು ಮುಚ್ಚಬೇಕಾದ ಬಟ್ಟೆಯ ಮೇಲೆ ಅವಳು ಇನ್ನೊಂದು ಮುಖ ಬರೆದುಕೊಟ್ಟಿದ್ದಳು, ಇಲ್ಲೇ ಕಣ್ಣಿವೆ ನೋಡು ಎಂದು ಯಂತ್ರಕ್ಕೆ ಬೆರಳು ತೋರಿಸಿದ ಹಾಗೆ.

ನಂಬಲು ಮನಸ್ಸಾಗಲಿಲ್ಲ. ಹೊಸ ಟೊಪ್ಪಿಗೆಯ ನಡು ಹೊಲಿಗೆ ಬಿಚ್ಚಿದಳು, ಒಂದು ಪಕ್ಕವನ್ನು ಎರಡು ಬೆರಳು ಕೆಳಗೆ ಸರಿಸಿ ಪಿನ್ನು ಚುಚ್ಚಿದಳು. ಕಾಲರಿಗೂ ಹಾಗೇ ಮಾಡಿ ತೊಟ್ಟು ಹೋದಳು. ಗಾಜು ತುಟಿ ಪಿಟಕ್ಕೆನ್ನಲಿಲ್ಲ.

ಅಲ್ಲೇ ಮೆಟ್ಟಿಲ ಮೇಲೆ ಕೂತಳು. ನಾಲ್ಕು ದಿನದಿಂದ ಊರೆಲ್ಲರ ಮೇಲೆ ಅನುಮಾನ ಪಟ್ಟಿದ್ದಳು. ಈ ಎರಡು ಕೈಗಳ ಮೇಲೆ ಮಾತ್ರ ಪಟ್ಟಿರಲಿಲ್ಲ.

ಆಮೇಲೆ ಇನ್ನೊಂದು ನೆನಪಾಯಿತು. ಮೊಟ್ಟಮೊದಲ ಸ್ಯಾಂಪಲ್ಲನ್ನು ಅವಳು ಹಳೆಯದರ ಹಾಗೆಯೇ, ಸೊಟ್ಟಕ್ಕೆ ಸೊಟ್ಟ ಇಟ್ಟು ಕತ್ತರಿಸಿದ್ದಳು. ಎರಡು ದಿನ ಇಟ್ಟುಕೊಂಡು ಘೋಷಣೆ ಅದನ್ನು ವಾಪಸು ತಂದಿದ್ದ: "ನಿಮ್ಮಂಥ ಕೈಗೆ ಇದು ಅವಮಾನ ಅಲ್ವಾ ಮಾಸ್ಟ್ರಮ್ಮ?" ಅವಳು ಉಬ್ಬಿಹೋಗಿದ್ದಳು.

ಅವನ ಕೋಣೆಯ ಕದ ತಟ್ಟಲಿಲ್ಲ, ತಳ್ಳಿದಳು.

"ಸರ್, ನಿಮ್ಮ ಕೋಟು ಹಾಕ್ಕೊಂಡ್ರೆ ಬಾಗ್ಲು ಗುರುತು ಹಿಡಿಯುತ್ತೆ."

"ಹಿಡೀಬೇಕಲ್ಲ! ಇಲ್ದಿದ್ರೆ ನಾನು ದಿನಾ ಹೊರಗೇ ನಿಂತಿರ್ಬೇಕಾಗ್ತಿತ್ತು" ಎಂದು ನಕ್ಕ.

"ಕೋಟಿನ ಚೀಟಿ ಮೇಲೆ 'ಯಾವ ಕಣ್ಣಿಗೂ ಸಿಗದವರು' ಅಂತ ಹಾಕಿಸಿದ್ದೀರಿ."

"ಅದು ಭಾವನೆ ಮಾಸ್ಟ್ರಮ್ಮ. ಸೆಂಟಿನ ಬಾಟ್ಲಿ ಮೇಲೆ 'ಅಮೃತ' ಅಂತ ಬರೆದ್ರೆ ಕುಡಿದುಬಿಡ್ತೀರಾ?"

"ಮೊದಲನೇ ಸ್ಯಾಂಪಲ್ ಯಾಕೆ ವಾಪಸ್ ಕೊಟ್ರಿ? ಸೊಟ್ಟ ಅಂತಲೋ, ಬಾಗ್ಲು ತೆಗೀಲಿಲ್ಲ ಅಂತಲೋ?"

ಅವನ ನಗು ಒಂದು ಗಳಿಗೆ ಎಲ್ಲಿಡಬೇಕೆಂದು ತಿಳಿಯದೆ ತುಟಿಯ ಮೇಲೆ ನಿಂತಿತು. ಆಮೇಲೆ ಬಹಳ ಸಹಜವಾಗಿ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದ: "ಅಂಗಡಿಯವರು ಒಪ್ಪಲಿಲ್ಲ. ಅವರ ಬಾಗ್ಲಲ್ಲೂ ಕ್ಯಾಮೆರಾ ಇದೆ. ಮುಖ ಸಿಗದ ಗಿರಾಕೀನ ಯಾರು ಒಳಗೆ ಬಿಟ್ಕೊತಾರೆ? ಜನಕ್ಕೆ ಬೇಕಾಗಿರೋದು ಆ ಲುಕ್ಕು, ಅಷ್ಟೇ."

"ನಾಲ್ಕು ಹುಡುಗೀರ ಕೆಲಸ ಹೋಯ್ತು."

"ಅವರನ್ನ ಗೇಟಿಗೆ ಹೋಗಿ ಅಂದಿದ್ದು ನಾನಾ?"

ಚಿಪ್ಪಿಲ್ಲ, ತಂತಿಯಿಲ್ಲ, ಗೋದಾಮಿನ ಧಣಿಯ ಜೊತೆ ಗುಟ್ಟಿನ ಮಾತಿಲ್ಲ. ಪಿತೂರಿಯೊಂದು ಸಿಕ್ಕಿದ್ದರೆ ಅವನನ್ನು ದ್ವೇಷಿಸುವುದು ಸಲೀಸಾಗಿತ್ತು. ಇವನಿಗೆ ಅಷ್ಟು ತೊಂದರೆ ತೆಗೆದುಕೊಳ್ಳುವ ಗರಜೂ ಇರಲಿಲ್ಲ. ಬಡವರು ತಮ್ಮ ಮುಖ ಉಳಿಸಿಕೊಳ್ಳಲು ಹೊಲಿದುಕೊಂಡದ್ದರಲ್ಲಿ ಉಳಿಸುವುದನ್ನು ತೆಗೆದುಹಾಕಿ, ಮಿಕ್ಕದ್ದನ್ನು ಹ್ಯಾಂಗರಿಗೆ ಹಾಕಿದ್ದ. ತೆಗೆದುಹಾಕಿದ ಕೈ ಅವಳದು.

ಹೊರಗೆ ಬಂದು ಮೇಜಿನ ಮೇಲಿದ್ದ ಹಳೇ ಕೋಟು ಎಳೆದುಕೊಂಡಳು.

"ಅದು ಕಂಪನಿ ಆಸ್ತಿ" ಎಂದ ಹಿಂದೆಯೇ ಬಂದ ಘೋಷಣೆ.

"ಇದು ನಮ್ಮನೆ ಛತ್ರಿ ಕಣಯ್ಯ!" ಎಂದು ಹೇಳಿ ಹೊರಟಳು.

ಸೇತುವೆಯ ಕೆಳಗೆ ಇಪ್ಪತ್ತು ಮಂದಿ ಸಿಮೆಂಟು ದಿಮ್ಮಿಗಳ ಮೇಲೆ ಕೂತಿದ್ದರು. ಮೇಲೆ ಲಾರಿಗಳು ಹೋದಾಗಲೆಲ್ಲ ಮಾತು ನಿಲ್ಲುತ್ತಿತ್ತು. ಮಗಳು ಎಲ್ಲರಿಂದ ನಾಲ್ಕು ಮಾರು ದೂರ, ಕಂಬಕ್ಕೆ ಆತು ನಿಂತಿದ್ದಳು. ಮಾತು ನಡೆಸುತ್ತಿದ್ದವಳು ತಲೆಯನ್ನು ಅರ್ಧ ಬೋಳಿಸಿಕೊಂಡ ಹುಡುಗಿ. ಹೆಸರು ಕೇಳಿದರೆ 'ಸೊನ್ನೆ' ಎನ್ನುವವಳು. ಕೆಲಸ ಕಳೆದುಕೊಂಡ ನಾಲ್ವರಲ್ಲಿ ಅವಳೊಬ್ಬಳು.

"ಆಂಟಿ, ಇದು ನಮ್ಮ ಸಭೆ" ಎಂದಳು ಸೊನ್ನೆ.

"ಗೊತ್ತಮ್ಮ. ಯಾರು ಹಿಡಿದುಕೊಟ್ರು ಅಂತ ಹೇಳೋಕೆ ಬಂದೆ. ನಾನೇ."

ಮೇಲೆ ಲಾರಿ ಹೋಯಿತು. ಆಮೇಲೆ ಅವಳು ತಾನು ತಂದ ಹಳೇ ಕೋಟನ್ನೂ ಅಲ್ಲಿದ್ದ ಒಬ್ಬಳ ಹೊಸ ಕೋಟನ್ನೂ ದಿಮ್ಮಿಯ ಮೇಲೆ ಹಾಸಿ, ಪಟ್ಟೆ ತೋರಿಸಿ, ಗಾಜಿನ ಸಂಗತಿಯನ್ನೂ ಮೊದಲ ಸ್ಯಾಂಪಲ್ಲಿನ ಸಂಗತಿಯನ್ನೂ ಒಂದನ್ನೂ ಬಿಡದೆ ಹೇಳಿದಳು. ಉಬ್ಬಿಹೋದದ್ದನ್ನೂ ಹೇಳಿದಳು.

"ಮಗಳನ್ನ ಉಳಿಸೋಕೆ ಕಥೆ ಕಟ್ತಿಲ್ಲ ಅಂತ ನಂಬೋದು ಹೇಗೆ?" ಎಂದಳು ಸೊನ್ನೆ.

"ನಂಬಬೇಡ. ಯಾವುದಾದ್ರೂ ಮುಖ ನೋಡೋ ಬಾಗ್ಲ ಮುಂದೆ ಹೋಗಿ ನೀನೇ ನಿಂತು ನೋಡು."

ಇಬ್ಬರು ಕೋಟುಗಳನ್ನು ಹೊತ್ತುಕೊಂಡು ಎದುರಿನ ಬ್ಯಾಂಕಿನ ಬಾಗಿಲಿಗೆ ಓಡಿದರು. ಕಾಲು ಗಂಟೆಗೆ ವಾಪಸು ಬಂದು ಹೌದೆಂದು ತಲೆಯಾಡಿಸಿದರು. ಯಾರೂ ಮಗಳ ಕಡೆ ನೋಡಿ ತಪ್ಪಾಯಿತು ಎನ್ನಲಿಲ್ಲ. ಒಬ್ಬ ಹುಡುಗ ಮಾತ್ರ ಸರಿದು, ಅವಳಿಗೆ ದಿಮ್ಮಿಯ ಮೇಲೆ ಜಾಗ ಬಿಟ್ಟ. ಅವಳು ಕೂರಲಿಲ್ಲ.

"ನಮ್ಮ ಕೆಲಸ ವಾಪಸ್ ಬರುತ್ತಾ ಇದರಿಂದ?" ಎಂದಳು ಸೊನ್ನೆ.

"ಇಲ್ಲ."

"ಮತ್ತೆ?"

"ಅಂಗಡೀಲಿ ತಗೊಂಡವರು ಎಷ್ಟು ಜನ ಇದ್ದಾರೋ, ತಂದುಕೊಡಿ. ಟೊಪ್ಪಿಗೆ ಬಿಚ್ಚಿ ಸೊಟ್ಟ ಮಾಡಿ ಕೊಡ್ತೀನಿ. ಮುಂದಿನ ಸಲ ಗೇಟಿಗೆ ಹೋಗೋ ಮುಂಚೆ ಎಲ್ಲದೂ ಆಗಿರುತ್ತೆ."

"ನೀವು ಹೊಲಿದದ್ದನ್ನ ಮತ್ತೆ ನಾವು ತೊಡಬೇಕಾ?"

"ಕಣ್ಣೆದುರಿಗೇ ಹೊಲೀತೀನಿ. ಪಕ್ಕದಲ್ಲೇ ಕೂತು ನೋಡು."

ಸೊನ್ನೆ ತನ್ನ ಕೋಟು ಬಿಚ್ಚಿ ಅವಳ ಮಡಿಲಿಗೆ ಎಸೆದಳು. ಎದುರಿಗೇ ಕುಕ್ಕರುಗಾಲಲ್ಲಿ ಕೂತು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡವಳಂತೆ ಅವಳ ಕೈಯನ್ನೇ ನೋಡತೊಡಗಿದಳು. ಮಾಸ್ಟ್ರಮ್ಮ ಚೀಲದಿಂದ ಸೂಜಿ ದಾರ ತೆಗೆದಳು. ಹೊಲಿಗೆ ಬಿಚ್ಚಿ, ಬಟ್ಟೆ ಕೆಳಗೆ ಸರಿಸಿ, ಟಾಕು ಹಾಕುತ್ತ ಹೋದಳು. ನಾಲ್ಕು ಟಾಕು ಆಗುವಷ್ಟರಲ್ಲಿ ಹೆಬ್ಬೆರಳು ತಾನಾಗಿ ಬಟ್ಟೆಯನ್ನು ಮೇಲಕ್ಕೆ ತಳ್ಳಿತ್ತು. ಪಟ್ಟೆಗೆ ಪಟ್ಟೆ ಬಂದು ಮುಟ್ಟಿತ್ತು.

"ಕೂಡ್ತು! ನೋಡಿ, ಮತ್ತೆ ಕೂಡಿಸಿದ್ರಿ!" ಎಂದು ಸೊನ್ನೆ ಕಿರುಚಿದಳು.

"ಹಾಳಾದ ಕೈ" ಎಂದು ಮಾಸ್ಟ್ರಮ್ಮ ತನ್ನ ಗಿಣ್ಣಿಗೆ ತಾನೇ ಪಟ್ಟೆಂದು ಹೊಡೆದುಕೊಂಡಳು. ಯಾರೋ ಕಿಸಕ್ಕೆಂದರು. ಸೊನ್ನೆ ನಗಲಿಲ್ಲ.

ಆಗ ಮಗಳು ಕಂಬ ಬಿಟ್ಟು ಬಂದಳು. ಅಮ್ಮನ ಪಕ್ಕದಲ್ಲಿ ಅಲ್ಲ, ಸೊನ್ನೆಯ ಪಕ್ಕದಲ್ಲಿ, ಅವಳ ಹಾಗೆಯೇ ಕುಕ್ಕರುಗಾಲಲ್ಲಿ ಕೂತಳು.

"ಬಿಚ್ಚಮ್ಮ" ಎಂದಳು. "ಮೊದಲಿಂದ."

ಮಾಸ್ಟ್ರಮ್ಮ ದಾರ ಕಚ್ಚಿ ತುಂಡು ಮಾಡಿ, ನಾಲ್ಕು ಟಾಕನ್ನೂ ಎಳೆದು ಹಾಕಿದಳು.