ಪರದೆ ತುಂಬಲಿ

ಶೇಕಡಾ ನಲವತ್ತೊಂದು, ನಲವತ್ತೊಂದು, ಇನ್ನೂ ನಲವತ್ತೊಂದೇ — ಹಸಿರು ಪಟ್ಟಿ ಕಂಡರೆ ಆಮೆಯೂ ನಾಚಬೇಕು, ಆದರೂ ಇದು ಇಪ್ಪತ್ತನೆಯದು, ಕೊನೆಯದು, ಹತ್ತೊಂಬತ್ತು ಮುಗಿದಿವೆ, ಅಪ್ಪ ಟೀವಿಯಿಂದ ರೆಕಾರ್ಡ್ ಮಾಡಿಟ್ಟ ಕುಸ್ತಿಯೆಲ್ಲ ಹೊಸ ಫೈಲುಗಳಾಗಿ ಸಾಲಾಗಿ ಕೂತಿವೆ, ಹಳೆಯವು ಮಾವನ ಫೋನಿನಲ್ಲಿ ತೆರೆಯುವುದಿಲ್ಲವಂತೆ, ಬದಲಾಯಿಸಿ ಕಳಿಸು ಅಂತ ಮೂರು ಸಲ ಬರೆದಿದ್ದಾನೆ, ಅಲ್ಲ, ಮಾವನಿಗೆ ಕುಸ್ತಿ ಯಾಕೆ, ನಮ್ಮ ಮನೆಯಲ್ಲಿದ್ದಾಗ ಕುಸ್ತಿ ಶುರುವಾದರೆ ಮೂಗು ಮುರಿದು ಎದ್ದು ಹೋಗುತ್ತಿದ್ದವನು, ಏನಿದೆ ಇದರಲ್ಲಿ, ನೋಡೇಬಿಡೋಣ — ಇಪ್ಪತ್ತನೆಯದರ ಹಳೆಯ ಫೈಲು ಒತ್ತಿದರೆ ಕುಸ್ತಿಯೇ ಇಲ್ಲ, ವಾರ್ತೆಯ ಬಾಲ, ಅಪ್ಪಾ ಇದೇನು ವಾರ್ತೆ ಬರ್ತಿದೆ, ಪಕ್ಕದ ಕೋಣೆಯಿಂದ ಅಪ್ಪ, ಆ ಗಡಿಯಾರ ನಂಬೋ ಹಾಗಿರಲಿಲ್ಲ ಕಣೇ, ಎರಡು ನಿಮಿಷ ಮುಂಚೇನೇ ರೆಕಾರ್ಡ್ ಒತ್ತಿಬಿಡ್ತಿದ್ದೆ, ಮತ್ತೆ ಮೂಲೆಯ ಚೌಕದಲ್ಲಿ, ಬಲಗಡೆ ಕೆಳಗೆ — ಅಮ್ಮ.

ಅಮ್ಮ, ಹೋಗಿ ಆರು ವರ್ಷ, ಇಲ್ಲಿ ಬೂದು ಬಣ್ಣದ ಅಂಗಿಯಲ್ಲಿ ವಾರ್ತೆಯನ್ನು ಕೈಯಲ್ಲಿ ಹೇಳುತ್ತಿದ್ದಾಳೆ, ಕಿವಿ ಕೇಳದವರಿಗಾಗಿ, ಅದೇ ಅವಳ ಕೆಲಸ, ಕಿವಿ ಕೇಳದ ತಮ್ಮನ ಜೊತೆ, ಈ ಮಾವನ ಜೊತೆಯೇ, ಬೆಳೆದು ಕಲಿತದ್ದು, ವಾರ್ತೆ ಓದುವವನು ಬಾಯಿ ಮುಚ್ಚಿ ಕಾಗದ ಜೋಡಿಸುತ್ತಿದ್ದಾನೆ, ಅವಳ ಕೈ ಮಾತ್ರ ನಿಂತಿಲ್ಲ, ಇದೇನು, ಹಿಂದೆ ಹೋಗು, ಇನ್ನೊಮ್ಮೆ, ಬೆರಳಲ್ಲಿ ಏನನ್ನೋ ತಿರುಗಿಸಿ, ಅಂಗೈ ಕೆಳಗಿಟ್ಟು, ಹುಬ್ಬೇರಿಸುತ್ತಾಳೆ, ನನಗೆ ಬರುವುದು ಊಟ, ನೀರು, ಬಾ, ಹೋಗು, ಅಷ್ಟೇ, ಮಾವನಿಗೆ ವಿಡಿಯೋ ಕರೆ ಮಾಡಿದೆ, ಹೊಲಿಗೆ ಯಂತ್ರದ ಮುಂದೆ ಕೂತಿದ್ದಾನೆ, ಅಮ್ಮ ಮಾಡಿದ ಹಾಗೇ ಮಾಡಿ ತೋರಿಸಿದೆ, ತಿರುಗಿಸಿ, ಅಂಗೈ ಇಳಿಸಿ, ಹುಬ್ಬು, ಅವನು ಹೊಟ್ಟೆ ಹಿಡಿದು ನಗುತ್ತಾ ಟೈಪ್ ಮಾಡಿದ: ಒಲೆ ಆರಿಸಿದ್ಯಾ ನೋಡು ಅಂತಿದ್ದಾಳೆ, ನಂಗೇ, ವಾರ್ತೆ ಮುಗಿದ ಮೇಲೆ ದಿನಾ ಒಂದೊಂದು ಹೇಳೋಳು, ನಾನು ಟೀವಿ ಮುಂದೆ ಕೂತಿರ್ತೀನಿ ಅಂತ ಗೊತ್ತಿತ್ತಲ್ಲ, ಬಾಕಿದೂ ಬೇಗ ಕಳಿಸು ಪುಟ್ಟಿ. ಅಯ್ಯೋ ಅಮ್ಮಾ, ಊರಿಗೆ ಊರೇ ನೋಡುತ್ತಿರುವಾಗ ನಿನಗೆ ಒಲೆಯ ಚಿಂತೆ, ಎಷ್ಟು ಖುಷಿಯಾಗುತ್ತಿದೆ ನನಗೆ, ಉಳಿದ ಹತ್ತೊಂಬತ್ತು ದಿನ ಏನು ಹೇಳಿದಳು, ಬಟ್ಟೆ ತೆಗೆ ಅಂತಲೋ, ಬಾಗಿಲು ಹಾಕು ಅಂತಲೋ, ನನ್ನ ಬಗ್ಗೆಯೂ ಇರಬಹುದು, ಪುಟ್ಟಿ ಎದ್ದಳಾ — ಹೊಸ ಫೈಲು ಒಂದು, ತೆರೆ.

ವಾರ್ತೆಯವನ ಮುಖ ದೊಡ್ಡದಾಗಿದೆ, ತಲೆಯ ಮೇಲ್ಭಾಗ ಇಲ್ಲ, ಮೂಲೆಯಲ್ಲಿ ಅಮ್ಮನ ಮುಖ, ಭುಜ, ಅಲ್ಲಿಗೆ ಪರದೆ ಮುಗಿಯಿತು, ಭುಜ ಅಲ್ಲಾಡುತ್ತದೆ, ಕೈ ಇಲ್ಲ, ಎರಡನೆಯದು, ಕೈ ಇಲ್ಲ, ಏಳನೆಯದು, ಕೈ ಇಲ್ಲ, ಯಾಕೆ — ಪರದೆ ತುಂಬಲಿ, ಬದಲಾಯಿಸುವ ಮೊದಲು ಆ ಆಯ್ಕೆಗೆ ಗುರುತು ಹಾಕಿದ್ದು ನಾನೇ, ಹಳೆಯ ಚೌಕ ಚಿತ್ರದ ಎರಡೂ ಪಕ್ಕ ಕಪ್ಪು ಪಟ್ಟಿ ಚೆನ್ನಾಗಿರುವುದಿಲ್ಲ ಅಂತ, ಅದು ಚಿತ್ರವನ್ನು ಹಿಗ್ಗಿಸಿ ಮೇಲೆ ಕೆಳಗೆ ಕತ್ತರಿಸಿದೆ, ಹೋಗಲಿ, ಮೂಲ ಫೈಲು ಇವೆಯಲ್ಲ, ಇಲ್ಲ, ಮುಗಿದ ಮೇಲೆ ಮೂಲ ಅಳಿಸು, ಅದಕ್ಕೂ ಗುರುತು ಹಾಕಿದ್ದೆ, ಜಾಗ ಉಳಿಯಲಿ ಅಂತ, ಇಪ್ಪತ್ತನೆಯದು! ತೊಂಬತ್ತಾರು, ನಿಲ್ಲಿಸು, ನಿಲ್ಲಿಸು, ತೊಂಬತ್ತೇಳು — ನಿಂತಿತು. ಉಳಿಯಿತು. ಒಲೆ ಒಂದು ಉಳಿಯಿತು.

ಫೋನು ಮಿನುಗುತ್ತದೆ, ಮಾವ, ಎಲ್ಲಿ, ಕಳಿಸಿದ್ಯಾ, ಏನಂತ ಬರೆಯಲಿ, ಮುಖ ಇದೆ ಮಾವ, ಮಾತು ಹೋಯಿತು, ನನ್ನ ಕೈಯಾರೆ ಹೋಯಿತು, ಆದರೂ ಏಳನೆಯದರಲ್ಲಿ ಬಲ ಭುಜ ಎರಡು ಸಲ ಎದ್ದಿತಲ್ಲ, ಏನನ್ನೋ ಎತ್ತಿದಳಾ, ಕರೆದಳಾ, ತಲೆ ಸವರುವ ಹಾಗಿದೆಯಲ್ಲವಾ, ಯಾರ ತಲೆ, ಇನ್ನೊಮ್ಮೆ, ಹುಬ್ಬು ಮೇಲಕ್ಕೆ, ಕಣ್ಣು ನೇರ ಈ ಕಡೆಗೇ, ಭುಜ ಏಳುತ್ತದೆ, ಇನ್ನೊಮ್ಮೆ, ಭುಜ ಏಳುತ್ತದೆ, ಕೈ ಇಲ್ಲ, ಇನ್ನೊಮ್ಮೆ, ಭುಜ ಏಳುತ್ತದೆ