ಅಪ್ಪನ ಎಂಜಿನ್ನಿಗೆ ರಿಂಗ್

ಲಕ್ವ ಹೊಡೆದ ಮೇಲೆ ಅಪ್ಪನ ಬಲಗೈ ಸ್ಪ್ಯಾನರ್ ಹಿಡಿಯದಾಗಿತ್ತು. ಅವರ ಹಳೆಯ ಮೋಟಾರ್ ಸೈಕಲ್ ಹೊಗೆ ಕಾರತೊಡಗಿದಾಗ ಮಗಳೇ ಎಂಜಿನ್ ಬಿಚ್ಚಿ, ಕಂಪನಿಯ ಪುಸ್ತಕದಲ್ಲಿದ್ದ ಅಳತೆಯ ಪಿಸ್ಟನ್ ರಿಂಗ್ ತಂದಳು; ಎಣ್ಣೆ ಮೇಲೇರಿ ಉರಿಯದಂತೆ ಪಿಸ್ಟನ್ನಿನ ಸುತ್ತ ಕೂರುವ, ಒಂದು ಕಡೆ ಸೀಳಿರುವ ಬಳೆ ಅದು. ಸಿಲಿಂಡರಿನೊಳಗೆ ಇಟ್ಟು ನೋಡಿದರೆ ರಿಂಗಿನ ಎರಡು ತುದಿಗಳ ನಡುವೆ ಉಗುರು ತೂರುವಷ್ಟು ಸಂದು!

"ಪುಸ್ತಕದ ಬದನೆಕಾಯಿ ನಂಬಿ ಕೆಟ್ಟೆ, ಅಪ್ಪಾ," ಎಂದು ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು.

ಕುರ್ಚಿಯಲ್ಲಿದ್ದ ಅಪ್ಪ ನಕ್ಕರು. "ಆ ಸಿಲಿಂಡರ್ ಎರಡು ಸಲ ಕೊರೆಸಿದೀನಿ ಕಣಮ್ಮ, ಅಗಲ ಆಗಿದೆ. ಪಿಸ್ಟನ್ ತಲೆ ಒರೆಸಿ ನೋಡು, ಎಷ್ಟು ಅಗಲ ಆಗಿದೆ ಅನ್ನೋ ಅಳತೆ ಅಲ್ಲೇ ಇದೆ."

ಮಸಿ ಒರೆಸಿದಾಗ ನಲವತ್ತು ಎಂಬ ಅಂಕಿ ಕಂಡಿತು. ಮರುದಿನ ಆ ಅಳತೆಯ ದೊಡ್ಡ ರಿಂಗ್ ತಂದಳು. ಈ ಸಲ ತುದಿಗಳು ಒಂದಕ್ಕೊಂದು ತಾಗುವಂತಿದ್ದವು.

"ಬಿಸಿಯಾದಾಗ ಹಿಗ್ಗೋಕೆ ಜಾಗ ಬೇಡ್ವಾ? ಒಂಚೂರು ಅರದಲ್ಲಿ ಉಜ್ಜು."

ಅವಳು ಉಜ್ಜಿದಳು. ಆಮೇಲೆ ಅಳತೆಯ ತೆಳು ತಗಡನ್ನು ಸಂದಿನಲ್ಲಿ ತೂರಿಸಿ, ಅದರ ತುದಿಯನ್ನು ಅಪ್ಪನ ಎಡಗೈಗೆ ಕೊಟ್ಟಳು. ಅವರು ಕಣ್ಣು ಮುಚ್ಚಿ ಮೆಲ್ಲಗೆ ಎಳೆದರು. ತಗಡು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಜಾರಿ ಬಂತು.

ಮೂವತ್ತು ವರ್ಷ ಆ ಎಂಜಿನ್ನನ್ನು ಯಾರಿಗೂ ಮುಟ್ಟಗೊಡದ ಅಪ್ಪ, "ಮಿಕ್ಕಿದ್ದು ನೀನೇ ನೋಡ್ಕೋ," ಎಂದು ಕುರ್ಚಿಗೆ ಒರಗಿ, ನಿಶ್ಚಿಂತೆಯಿಂದ ನಿದ್ದೆ ಹೋದರು.